ಅಚೇತನದೊಡನೆ ಅಕ್ಕರೆ

ಭಾರವೆತ್ತುವುದಕ್ಕಾಗಲಿ ಬೆಸುಗೆ ಹಾಕುವುದಕ್ಕಾಗಲಿ ಅಲ್ಲದೆ, ಮನುಷ್ಯನ ಮಾತಿಗೂ ಸ್ಪರ್ಶಕ್ಕೂ ಓಗೊಟ್ಟು ಅವನ ಮನಸ್ಸಿಗೆ ಸಮಾಧಾನವನ್ನು ತರುವುದಕ್ಕೆಂದೇ ನಿರ್ಮಿತವಾದ ರೋಬೋಟುಗಳಲ್ಲಿ ಜಪಾನಿನ ‘ಪಾರೊ’ ಬಹು ಪ್ರಸಿದ್ಧವಾದುದು. ತಕನೊರಿ ಶಿಬಾಟಾ ಎಂಬ ಸಂಶೋಧಕರು 1993ರಲ್ಲಿ ಕೈಹಾಕಿ, ಅನೇಕ ವರ್ಷಗಳ ಪರಿಶ್ರಮದಿಂದ ಸಿದ್ಧಪಡಿಸಿದ ಈ ಯಂತ್ರವು ಉತ್ತರದ ಹಿಮಸಮುದ್ರಗಳಲ್ಲಿ ವಾಸಿಸುವ ಹಾರ್ಪ್ ಸೀಲ್ ಎಂಬ ಪ್ರಾಣಿಯ ಮರಿಯ ಆಕಾರವನ್ನು ತಳೆದಿದೆ. ಮೈತುಂಬ ಬಿಳಿಯ ತುಪ್ಪುಳು. ಅದರ ಅಡಿಯಲ್ಲಿ ಸ್ಪರ್ಶ, ಬೆಳಕು, ಶಬ್ದ, ಉಷ್ಣತೆ, ಭಂಗಿ ಇವುಗಳನ್ನು ಗ್ರಹಿಸತಕ್ಕ ಸಂವೇದಕಗಳು. ಬೆನ್ನು ಸವರಿದರೆ ಅದು ಕಣ್ಣು ಮಿಟುಕಿಸಿ ಕುತ್ತಿಗೆಯೆತ್ತುತ್ತದೆ. ಸೀಲ್ ಮರಿಯ ದನಿಯಲ್ಲಿಯೇ ಕೂಗುತ್ತದೆ. ಇಟ್ಟ ಹೆಸರನ್ನು ಕ್ರಮೇಣ ಗುರುತಿಸಲು ಕಲಿಯುತ್ತದೆ. ಬೆಕ್ಕು ನಾಯಿಗಳ ರೂಪವನ್ನು ಬಿಟ್ಟು ಶಿಬಾಟಾ ಅವರು ಈ ಅಪರಿಚಿತ ಪ್ರಾಣಿಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಬೆಕ್ಕು ನಾಯಿಗಳ ರೀತಿನೀತಿ ಎಲ್ಲರೂ ಬಲ್ಲದ್ದಾದ್ದರಿಂದ ಯಂತ್ರದ ಕುಂದುಗಳು ಕೂಡಲೆ ಕಣ್ಣಿಗೆ ಬೀಳುತ್ತವೆ. ಸೀಲನ್ನು ಹತ್ತಿರದಿಂದ ಕಂಡವರು ವಿರಳವಾದ್ದರಿಂದ ಹಾಗೆ ಹೋಲಿಸಿ ನೋಡುವ ಸಂದರ್ಭವೇ ಒದಗುವುದಿಲ್ಲ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪಾರೊವನ್ನು ವೈದ್ಯಕೀಯ ಉಪಕರಣಗಳ ಎರಡನೆಯ ವರ್ಗದಲ್ಲಿ ಸೇರಿಸಿತು. ಡಿಮೆನ್ಷಿಯ ಎಂಬ ಮರೆವಿನ ವ್ಯಾಧಿಯಿಂದ ನರಳುವ ವೃದ್ಧರ ತೊಡೆಯ ಮೇಲೆ ಇಂದು ಅನೇಕ ದೇಶಗಳ ಆರೈಕೆಯ ಮನೆಗಳಲ್ಲಿ ಈ ಮರಿ ಮಲಗಿದೆ.

ವೈದ್ಯೋಪಕರಣವೆಂದ ಮೇಲೆ ಅದರ ಗುಣವನ್ನು ಪರೀಕ್ಷಿಸದೆ ವಿಧಿಯಿಲ್ಲ. ಜ್ವರ ಇಳಿಯಿತೆ ಎಂಬುದನ್ನು ತಾಪಮಾಪಕವು ಹೇಳೀತು. ಆದರೆ ಮನುಷ್ಯನಿಗೂ ಯಂತ್ರಕ್ಕೂ ನಡುವೆ ಏರ್ಪಟ್ಟ ಸಂಬಂಧವನ್ನು ಅಳೆಯುವ ಮಾನದಂಡ ಯಾವುದು? ಈ ಪ್ರಶ್ನೆಯನ್ನು ಕಠಿನಗೊಳಿಸುವುದು ಯಂತ್ರದ ಸ್ವಭಾವಕ್ಕಿಂತ ಹೆಚ್ಚಾಗಿ ನಮ್ಮ ಸ್ವಭಾವ. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬ ಮನಶ್ಶಾಸ್ತ್ರಜ್ಞರು ಎರಡು ತ್ರಿಕೋನಗಳೂ ಒಂದು ವೃತ್ತವೂ ಅತ್ತಿತ್ತ ಚಲಿಸುವ ಕಿರುಚಿತ್ರವೊಂದನ್ನು ತೋರಿಸಿ, ಕಂಡುದನ್ನು ವರ್ಣಿಸಿರೆಂದು ಕೇಳಿದಾಗ, ನೋಡಿದವರಲ್ಲಿ ಬಹುಮಂದಿ ಅಲ್ಲಿ ಜಗಳವನ್ನೂ ಭಯವನ್ನೂ ಬೆನ್ನಟ್ಟುವಿಕೆಯನ್ನೂ ಕಂಡರು. ಬರಿಯ ರೇಖಾಕೃತಿಗೇ ಅಂತಃಕರಣವನ್ನು ಆರೋಪಿಸಬಲ್ಲ ನಾವು ತುಪ್ಪುಳುಳ್ಳ, ಕಣ್ಣು ಮಿಟುಕಿಸುವ ಮರಿಗೆ ಮನಸೋತರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದಕಾರಣ ಪರೀಕ್ಷಕನು ಮೊದಲು ನಿರ್ಣಯಿಸಬೇಕಾದುದು, ಕಂಡುಬಂದ ಅಕ್ಕರೆಯಲ್ಲಿ ಯಂತ್ರದ ಪಾಲೆಷ್ಟು, ಮನುಷ್ಯನದೇ ಆದ ಪಾಲೆಷ್ಟು ಎಂಬುದನ್ನು.

ಸುಲಭವಾದ ಮಾರ್ಗವೆಂದರೆ ಪ್ರಶ್ನಾವಳಿ. ಕ್ರಿಸ್ಟೋಫ್ ಬಾರ್ಟ್‌ನೆಕ್ ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ‘ಗಾಡ್‌ಸ್ಪೀಡ್’ ಪ್ರಶ್ನಾವಳಿಯು ಮನುಷ್ಯಸಾದೃಶ್ಯ, ಸಜೀವತೆ, ಪ್ರಿಯತೆ, ಬುದ್ಧಿ, ಸುರಕ್ಷಿತತೆ ಎಂಬ ಐದು ವಿಷಯಗಳಲ್ಲಿ ರೋಬೋಟಿಗೆ ಅಂಕ ಕೊಡಿಸುತ್ತದೆ. ಪ್ರಯೋಗಾಲಯದಲ್ಲಿ ಇದರಿಂದ ಪ್ರಯೋಜನವಿದೆ. ಆದರೆ ಬೆಳಗಿನ ಊಟವನ್ನು ಮಧ್ಯಾಹ್ನ ನೆನೆಯಲಾರದ ವೃದ್ಧರ ಕೈಗೆ ಇಂಥ ಹಾಳೆಯನ್ನು ಕೊಟ್ಟು ಉತ್ತರವನ್ನು ನಿರೀಕ್ಷಿಸುವುದು ಹೇಗೆ?

ಇನ್ನೊಂದು ತೊಡಕು ಹೊಸತನದ್ದು. ಜಪಾನಿನ ಪ್ರಾಥಮಿಕ ಶಾಲೆಯೊಂದರಲ್ಲಿ ‘ರೋಬೋವಿ’ ಎಂಬ ಇಂಗ್ಲಿಷ್ ನುಡಿಯುವ ರೋಬೋಟುಗಳನ್ನು ಎರಡು ವಾರ ಇರಿಸಿ ನಡೆಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ಮುತ್ತಿಕೊಂಡ ಮಕ್ಕಳ ಉತ್ಸಾಹವು ಎರಡನೆಯ ವಾರದ ಹೊತ್ತಿಗೆ ಬಹುವಾಗಿ ಇಳಿದುಹೋಗಿತ್ತು. ಇನ್ನೂ ಒಂದು ತೊಡಕುಂಟು. ಅದೇ ಬಗೆಯ ರೋಬೋವಿಯನ್ನಿಟ್ಟುಕೊಂಡು ಅಮೆರಿಕದಲ್ಲಿ ನಡೆದು, 2012ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, 90 ಮಂದಿ ಮಕ್ಕಳು ಹಾಗೂ ಹದಿಹರೆಯದವರೊಡನೆ ಆಟವಾಡುತ್ತಿದ್ದ ಯಂತ್ರವನ್ನು ನಡುವೆಯೇ ಕಪಾಟಿನೊಳಕ್ಕೆ ಕಳುಹಿಸಲಾಯಿತು. ಅದು ತನಗೆ ಭಯವಾಗುತ್ತದೆಂದು ಹಲುಬಿತು. ಹಾಗೆ ಮುಚ್ಚಿಡುವುದು ಸರಿಯಲ್ಲವೆಂದು ಶೇಕಡ 54 ಮಂದಿ ಅಭಿಪ್ರಾಯಪಟ್ಟರು. ಮಕ್ಕಳ ಕನಿಕರ ಸತ್ಯವಾದುದೇ. ಆದರೆ ಆ ಯಂತ್ರವನ್ನು ಆಡಿಸುತ್ತಿದ್ದವರು ಮರೆಯಲ್ಲಿ ಕುಳಿತ ಮನುಷ್ಯರು. ಇಂಥ ಪ್ರಯೋಗಗಳಲ್ಲಿ ಅಳೆಯಲ್ಪಟ್ಟುದು ಯಂತ್ರದ ಸಾಮರ್ಥ್ಯವೆಂದು ಹೇಳಲು ನನಗೆ ಧೈರ್ಯವಾಗದು.

ಆದ್ದರಿಂದಲೇ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ವೆಂಡಿ ಮಾಯ್ಲ್ ಅವರ ನೇತೃತ್ವದಲ್ಲಿ ನಡೆದು, 2017ರಲ್ಲಿ ಪ್ರಕಟವಾದ ಪಾರೊ ಪರೀಕ್ಷೆಯ ವಿಷಯದಲ್ಲಿ ನನಗೆ ವಿಶೇಷವಾದ ಗೌರವವಿದೆ. 28 ಆರೈಕೆಯ ಮನೆಗಳಲ್ಲಿ ವಾಸಿಸುತ್ತಿದ್ದ, ಮರೆವಿನ ವ್ಯಾಧಿಗೆ ಒಳಗಾದ 415 ಮಂದಿ ವೃದ್ಧರನ್ನು ಅವರು ಮೂರು ಪಂಗಡಗಳಲ್ಲಿ ಇಟ್ಟರು. ಒಂದು ಪಂಗಡಕ್ಕೆ ಪಾರೊ. ಇನ್ನೊಂದಕ್ಕೆ ಎಂದಿನ ಆರೈಕೆ ಮಾತ್ರ. ಮಿಕ್ಕ ಪಂಗಡಕ್ಕೆ ಅದೇ ಪಾರೊ, ಅದೇ ತುಪ್ಪುಳು, ಅದೇ ಕಣ್ಣು, ಆದರೆ ಒಳಗಿನ ಯಂತ್ರವನ್ನು ನಿಲ್ಲಿಸಿ ಬರಿಯ ಗೊಂಬೆಯಾಗಿಸಿದ್ದು. ವಾರಕ್ಕೆ ಮೂರು ಸಲ, ಸಲಕ್ಕೆ ಹದಿನೈದು ನಿಮಿಷ, ಹತ್ತು ವಾರಗಳ ಕಾಲ. ವೃದ್ಧರನ್ನು ಪ್ರಶ್ನೆಗಳಿಂದ ಪೀಡಿಸುವುದಕ್ಕೆ ಬದಲಾಗಿ ಅವರ ನಡವಳಿಕೆಯನ್ನು ವಿಡಿಯೊದಲ್ಲಿ ಹಿಡಿದು, ಎಷ್ಟು ಹೊತ್ತು ನೋಡಿದರು, ಎಷ್ಟು ಮಾತನಾಡಿದರು, ಮುಖದಲ್ಲಿ ಸಂತೋಷ ಮೂಡಿತೆ, ಉದ್ವೇಗ ತಗ್ಗಿತೆ ಎಂಬುದನ್ನು ಲೆಕ್ಕಕ್ಕೆ ತಂದರು.

ಜೀವವಾಡುವ ಪಾರೊವಿನೊಡನೆ ವೃದ್ಧರು ಗೊಂಬೆಯೊಡನೆ ಮಾತನಾಡಿದುದಕ್ಕಿಂತ ಹೆಚ್ಚು ಮಾತನಾಡಿದರು, ಹೆಚ್ಚು ಹೊತ್ತು ಅದರ ಕಡೆ ನೋಡಿದರು. ಎಂದಿನ ಆರೈಕೆಗೆ ಹೋಲಿಸಿದರೆ ಸಂತೋಷವೂ ಹೆಚ್ಚು, ಉದ್ವೇಗವೂ ಕಡಮೆ. ಆದರೆ ಮುಖದ ನಿರ್ಭಾವವನ್ನು ಕರಗಿಸುವುದರಲ್ಲಿ ಮೂಕಗೊಂಬೆಯೂ ಎಂದಿನ ಆರೈಕೆಯನ್ನು ಮೀರಿಸಿತ್ತು. ಉದ್ವೇಗವನ್ನು ವಿಡಿಯೊದಿಂದಲ್ಲದೆ ವಾಡಿಕೆಯ ಮಾಪನಪಟ್ಟಿಯೊಂದರಿಂದ ಅಳೆದಾಗ ಮೂರು ಪಂಗಡಗಳಿಗೂ ಭೇದವೇ ಕಾಣಲಿಲ್ಲ. ಅದೇ ಪರೀಕ್ಷೆಯ ಖರ್ಚುವೆಚ್ಚವನ್ನು ಮರುವರ್ಷ ತೂಗಿನೋಡಿದಾಗ, ಕೊಟ್ಟ ಹಣಕ್ಕೆ ತುಸು ಹೆಚ್ಚಿನ ಫಲವನ್ನು ಕೊಟ್ಟದ್ದು ಗೊಂಬೆಯೇ. ಸ್ವಿಚ್ಚು ಆರಿಸಿದ ಆ ಗೊಂಬೆಯೊಂದನ್ನು ಪರೀಕ್ಷೆಯಿಂದ ಬಿಟ್ಟಿದ್ದರೆ ಲಭಿಸಿದ ಶ್ರೇಯಸ್ಸೆಲ್ಲ ಯಂತ್ರದ ಖಾತೆಗೇ ಜಮೆಯಾಗುತ್ತಿತ್ತು.

ಇಷ್ಟು ನ್ಯಾಯವಾದ ಅಳತೆಗೂ ಒಳಪಡದೆ ಉಳಿಯುವುದೊಂದಿದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಶೆರಿ ಟರ್ಕಲ್ ಅವರು ವೃದ್ಧೆಯೊಬ್ಬರ ವೃತ್ತಾಂತವನ್ನು ಬರೆದಿದ್ದಾರೆ. ಮಗನೊಡನೆ ಸಂಬಂಧ ಕಡಿದುಹೋಗಿ ದುಃಖದಲ್ಲಿದ್ದ ಆಕೆ, ಪಾರೊವಿಗೂ ತನ್ನಂತೆಯೇ ವ್ಯಥೆಯಿದೆಯೆಂದು ಭಾವಿಸಿ, ಅದನ್ನು ಸವರಿ ಸಂತೈಸುತ್ತ ತಾನೂ ಸಂತೈಸಿಕೊಂಡರಂತೆ. ವಿಡಿಯೊವನ್ನು ನೋಡಿ ಅಂಕ ಹಾಕುವವರು ಸ್ಪರ್ಶಕ್ಕೂ ಮಾತಿಗೂ ದೃಷ್ಟಿಗೂ ಪೂರ್ಣಾಂಕವನ್ನು ಕೊಟ್ಟಾರು. ಮಗನು ಬಾರದಿದ್ದುದಕ್ಕೆ ಆ ಪಟ್ಟಿಯಲ್ಲಿ ಸ್ಥಳವಿಲ್ಲ. ಆಕೆಗೆ ದೊರೆತ ನೆಮ್ಮದಿಯನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳಲಾರೆ. ಇಳಿವಯಸ್ಸಿನ ದುಃಖಕ್ಕೆ ಯಾವ ಮೂಲದಿಂದ ಬಂದ ಶಾಂತಿಯೂ ಹಗುರವಲ್ಲ. ಆದರೆ ಆ ಶಾಂತಿಯನ್ನು ಅಂಕಗಳಲ್ಲಿ ಕಂಡು, ಇನ್ನು ಮನುಷ್ಯರು ಹೋಗಿ ಕುಳಿತುಕೊಳ್ಳುವ ಅಗತ್ಯವಿಲ್ಲವೆಂದು ಯಾರಾದರೂ ತೀರ್ಮಾನಿಸುವುದಾದರೆ, ಅಳತೆಯು ಅಪಾಯಕರವಾಗುತ್ತದೆ.

ನಮ್ಮಲ್ಲಿನ ಆರೈಕೆಯ ಮನೆಗಳವರಾಗಲಿ, ತಂದೆತಾಯಿಗಳನ್ನು ನೋಡಿಕೊಳ್ಳುತ್ತಿರುವ ಮಕ್ಕಳಾಗಲಿ ಇಂಥ ಯಂತ್ರವನ್ನು ಕೊಳ್ಳುವ ಸಂದರ್ಭ ಬಂದರೆ, ಮಾರುವವರನ್ನು ಮೂರು ಮಾತು ಕೇಳಬೇಕೆಂದು ನನ್ನ ವಿಜ್ಞಾಪನೆ: ಪರೀಕ್ಷೆಯಲ್ಲಿ ಇದನ್ನು ಯಾವುದರೊಡನೆ ಹೋಲಿಸಿದಿರಿ, ಎಷ್ಟು ವಾರ ನೋಡಿದಿರಿ, ಇದು ಬಂದ ಮೇಲೆ ಆ ಹಿರಿಯರ ಬಳಿ ಮನುಷ್ಯರು ಕುಳಿತುಕೊಳ್ಳುವ ಹೊತ್ತು ಹೆಚ್ಚಿತೆ, ಕಡಮೆಯಾಯಿತೆ?