ಅನ್ನನಾಳದ ಅರ್ಬುದ ರೋಗ ಮತ್ತು ರಾಸಾಯನಿಕ ಚಿಕಿತ್ಸೆ

ಗಂಟಲಿನಿಂದ ಜಠರಕ್ಕೆ ತುತ್ತನ್ನು ಒಯ್ಯುವ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುಮಯ ಕೊಳವೆಯೇ ಅನ್ನನಾಳ. ಇದಕ್ಕೆ ತಗಲುವ ಅರ್ಬುದ ರೋಗ, ಅಂದರೆ ಕ್ಯಾನ್ಸರ್, ಬಹುಕಾಲ ತನ್ನ ಇರವನ್ನು ತೋರಗೊಡುವುದಿಲ್ಲ. ನಾಳವು ಹಿಗ್ಗುವ ಗುಣವುಳ್ಳದ್ದಾದುದರಿಂದ, ಗಡ್ಡೆಯು ಸಾಕಷ್ಟು ಬೆಳೆದ ಮೇಲೆಯೇ ನುಂಗಲು ತೊಡಕಾಗುತ್ತದೆ. ಮೊದಲು ರೊಟ್ಟಿ ಇಳಿಯದು. ಬಳಿಕ ಅನ್ನ, ಕೊನೆಗೆ ಗಂಜಿ, ನೀರು. ಅಷ್ಟರಲ್ಲಿ ಅನೇಕರಲ್ಲಿ ರೋಗವು ಯಕೃತ್ತು, ಶ್ವಾಸಕೋಶಗಳಿಗೆ ಹಬ್ಬಿರುತ್ತದೆ. ಆಗ ಶಸ್ತ್ರಚಿಕಿತ್ಸೆಯಿಂದ ರೋಗವನ್ನು ನೀಗಲಾಗದು. ರಕ್ತದೊಡನೆ ದೇಹದಾದ್ಯಂತ ಸಂಚರಿಸಬಲ್ಲ ಔಷಧವೇ ಬೇಕಾಗುತ್ತದೆ.

ಇಂಥ ಔಷಧಗಳಲ್ಲಿ ಎರಡು ಮುಖ್ಯವಾದುವು. 1957ರಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್ ಪ್ರಕಟಿಸಿದ ಫ್ಲೋರೋಯುರಾಸಿಲ್, ಜೀವಕೋಶದ ನಿರ್ಮಾಣದ್ರವ್ಯದ ವೇಷ ತಳೆದು ಒಳಹೊಕ್ಕು ಅದರ ಬೆಳವಣಿಗೆಯನ್ನು ಕೆಡಿಸುತ್ತದೆ. ಪ್ಲಾಟಿನಂ ಲೋಹದಿಂದಾದ ಸಿಸ್‌ಪ್ಲಾಟಿನ್, ಕೋಶದ ವಂಶತಂತುವನ್ನೇ ಕಟ್ಟಿಹಾಕಿ ವಿಭಜನೆಯನ್ನು ತಡೆಯುತ್ತದೆ. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಗಳ ಮೇಲೆ ವಿದ್ಯುತ್ತಿನ ಪ್ರಭಾವವನ್ನು ಪರೀಕ್ಷಿಸುತ್ತಿದ್ದಾಗ ಇದರ ಶಕ್ತಿಯು ಆಕಸ್ಮಿಕವಾಗಿ ತಿಳಿದುಬಂದಿತು. ಶೀಘ್ರವಾಗಿ ವಿಭಜಿಸುವ ಕೋಶಗಳೆಲ್ಲವೂ ಈ ಔಷಧಗಳಿಗೆ ಗುರಿಯಾಗುವುದರಿಂದ ರಕ್ತಕಣಗಳು ಕುಗ್ಗುತ್ತವೆ, ಬಾಯಿ ಹುಣ್ಣಾಗುತ್ತದೆ; ವಾಕರಿಕೆಯೂ ಬಾಧಿಸುತ್ತದೆ. ಚೇತರಿಕೆಗೆ ಅವಕಾಶವಾಗಲೆಂದೇ ವಾರಗಳ ಅಂತರವಿಟ್ಟು ಔಷಧ ಕೊಡುವರು.

ಇದರ ಫಲವೇನು? ಹಬ್ಬಿದ ರೋಗ ಪೂರ್ಣ ಗುಣವಾಗುವುದು ಅಪರೂಪ. 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಈ ಎರಡು ಔಷಧಗಳನ್ನಷ್ಟೇ ಪಡೆದವರಲ್ಲಿ ಅರ್ಧದಷ್ಟು ಮಂದಿ 9.8 ತಿಂಗಳನ್ನು ದಾಟಿ ಬದುಕಿದರು. ದೇಹದ ರಕ್ಷಣಾಶಕ್ತಿಯನ್ನು ಎಚ್ಚರಿಸುವ ಪೆಂಬ್ರೊಲಿಜುಮಾಬನ್ನೂ ಪಡೆದವರಲ್ಲಿ ಆ ಅವಧಿ 12.4 ತಿಂಗಳು. ಹೊಸ ಔಷಧದ ಬೆಲೆಯಾದರೋ ಬಲು ಹೆಚ್ಚು. ಆದುದರಿಂದ ಹೊಲ ಮಾರುವ ಮುನ್ನ, ಚಿಕಿತ್ಸೆಯ ಉದ್ದೇಶವೇನೆಂದು ಮನೆಯವರು ವೈದ್ಯರನ್ನು ಸ್ಪಷ್ಟವಾಗಿ ಕೇಳಬೇಕು. ಗಡ್ಡೆ ಕುಗ್ಗಿ ಕೆಲವು ತಿಂಗಳು ನೆಮ್ಮದಿಯಿಂದ ಉಣ್ಣುವಂತಾದರೆ ಅದೂ ಸಣ್ಣ ಫಲವಲ್ಲ. ಔಷಧವನ್ನು ತಾಳಲಾರದವರಿಗೆ ನಾಳದಲ್ಲಿ ಜಾಲರಿಯ ಕೊಳವೆ ಇರಿಸುವುದು, ವಿಕಿರಣ, ನೋವುಶಮನ ಮುಂತಾದ ಉಪಾಯಗಳಿವೆ. ಇವುಗಳನ್ನು ಆರಿಸಿಕೊಳ್ಳುವುದು ರೋಗಿಯನ್ನು ಕೈಬಿಟ್ಟಂತಲ್ಲ.

ದಾಸೋಹವನ್ನೇ ವ್ರತವಾಗಿಸಿಕೊಂಡ ಸಂಸ್ಥೆಯ ನೆರಳಿನಲ್ಲಿ ಉಂಡು ಬೆಳೆದ ನಮಗೆ, ತುತ್ತು ನುಂಗಲಾರದವರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂಬಾಕು, ಮದ್ಯ, ಅಡಿಕೆ ಈ ರೋಗವನ್ನು ಕರೆತರುವುವೆಂದು ಶಿಕ್ಷಕರು ಮಕ್ಕಳಿಗೆ ತಿಳಿಹೇಳಲಿ. ಪ್ರತಿ ಸರದಿಗೂ ದೂರದ ಆಸ್ಪತ್ರೆಗೆ ಹೋಗಬೇಕಾದ ಬಡವರ ಪ್ರಯಾಣಕ್ಕೂ ವಸತಿಗೂ ದಾನಿಗಳು ನೆರವಾಗಲಿ. ಎಲ್ಲಕ್ಕಿಂತ ಮಿಗಿಲಾಗಿ, ರೊಟ್ಟಿ ಗಂಟಲಲ್ಲಿ ನಿಲ್ಲುತ್ತಿದೆ ಎಂದು ಮನೆಯ ಹಿರಿಯರು ಹೇಳಿದರೆ, ವಯಸ್ಸಿನ ದೋಷವೆಂದು ತಳ್ಳಿಹಾಕದೆ, ಎಂಡೋಸ್ಕೋಪಿ ಪರೀಕ್ಷೆಗೆ ಕೂಡಲೇ ಕರೆದೊಯ್ಯುವುದು ನಮ್ಮೆಲ್ಲರ ಕರ್ತವ್ಯ.