ಚಲನ್ ಬಂದರೆ ಗಾಬರಿಯೂ ಬೇಡ, ಅಲಕ್ಷ್ಯವೂ ಬೇಡ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವು. ಅದಕ್ಕೇ ಇರಬೇಕು, ಪೊಲೀಸು, ಕೋರ್ಟು ಎಂಬ ಎರಡು ಶಬ್ದ ಕಿವಿಗೆ ಬಿದ್ದರೆ ಸಾಕು, ನಮ್ಮಲ್ಲಿ ಅರ್ಧ ಜನ ಹೆದರಿ ಕೇಳಿದಷ್ಟು ಹಣ ಕಟ್ಟಿಬಿಡುತ್ತೇವೆ. ಉಳಿದರ್ಧ ಜನ ‘ನೋಡೋಣ’ ಎಂದು ಮರೆತುಬಿಡುತ್ತೇವೆ. ವಾಹನದ ಚಲನ್ ವಿಷಯದಲ್ಲಿ ಈ ಎರಡೂ ದಾರಿ ಒಳ್ಳೆಯದಲ್ಲ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದನ್ನು ನಿಮ್ಮ ಮುಂದಿಡಬೇಕೆಂದು ಈ ಬರಹ.

ಬೈಕುಲ್ಲಾದಲ್ಲಿ ವಾಸಿಸುವವರಿಗೆ ಟ್ರಾಫಿಕ್ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಒಂದು ಕಡೆ ರಾಣಿಬಾಗ್, ಇನ್ನೊಂದು ಕಡೆ ಸ್ಟೇಷನ್ನು, ನಡುವೆ ಅಂಬೇಡ್ಕರ್ ರಸ್ತೆ. ಮೊದಲಾದರೆ ಸೀಟಿ ಊದಿ ನಿಲ್ಲಿಸಿ ರಸೀದಿ ಹರಿದುಕೊಡುವ ಹವಾಲ್ದಾರರು ಕಣ್ಣಿಗೆ ಕಾಣಿಸುತ್ತಿದ್ದರು. 2016ರಲ್ಲಿ ಮುಂಬಯಿಗೆ ಇ-ಚಲನ್ ಬಂದ ಮೇಲೆ ಆ ಕೆಲಸದಲ್ಲಿ ಬಹುಪಾಲನ್ನು ಕಂಬದ ಮೇಲಿನ ಕ್ಯಾಮೆರಾ ಮಾಡುತ್ತದೆ. ನಾವು ಮನೆಗೆ ಬಂದು ಕಾಫಿ ಕುಡಿಯುವಾಗ ಮೊಬೈಲ್ ‘ಟಿಣ್’ ಎನ್ನುತ್ತದೆ. ದಂಡವೂ ಮೊದಲಿನಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಮಹಾರಾಷ್ಟ್ರ ಹೊಸ ದರಗಳನ್ನು 2021ರ ಡಿಸೆಂಬರಿನಲ್ಲಿ ಜಾರಿಗೆ ತಂದಿತು. 200 ರೂಪಾಯಿಗೆ ಮುಗಿಯುತ್ತಿದ್ದ ಸಾಮಾನ್ಯ ತಪ್ಪಿಗೆ 500 ರೂಪಾಯಿ ಆಯಿತು, ಅದನ್ನೇ ಮತ್ತೆ ಮಾಡಿದರೆ 1500. ತಿಂಗಳ ಹಾಲಿನ ಲೆಕ್ಕ ಬರೆಯುವ ನಮಗೆ ಇದು ಸಣ್ಣ ಮೊತ್ತವಲ್ಲ.

ಮೊದಲು ಫೋಟೋ ನೋಡಿ

ಸಂದೇಶ ಬಂದ ಕೂಡಲೇ ಮಾಡಬೇಕಾದದ್ದು ಹಣ ಕಟ್ಟುವುದಲ್ಲ. ಸಂದೇಶದಲ್ಲಿರುವ ಕೊಂಡಿಯನ್ನು ಒತ್ತುವುದಂತೂ ಖಂಡಿತ ಅಲ್ಲ. ಇ-ಚಲನ್ ಹೆಸರಿನಲ್ಲಿ ವಾಟ್ಸಾಪಿಗೆ ಕಡತ ಕಳಿಸಿ ಬ್ಯಾಂಕಿನ ಹಣ ದೋಚುವ ಕಳ್ಳರಿದ್ದಾರೆ. ಮಹಾರಾಷ್ಟ್ರದ ಇ-ಚಲನ್ ಜಾಲತಾಣವನ್ನು ನೀವೇ ತೆರೆಯಿರಿ. ಅದರ ವಿಳಾಸ ‘ಗವ್ ಡಾಟ್ ಇನ್’ ಎಂದೇ ಮುಗಿಯಬೇಕು. ಅಲ್ಲಿ ವಾಹನದ ಸಂಖ್ಯೆಯನ್ನೂ ಚಾಸಿಸ್ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನೂ ಹಾಕಿದರೆ ಬಾಕಿಯೆಲ್ಲ ಕಾಣಿಸುತ್ತದೆ. ಮೋಸ ಹೋದವರು ತಡಮಾಡದೆ 1930ಕ್ಕೆ ಕರೆಮಾಡಬೇಕು.

ಮರಾಠಿ ಶಬ್ದಗಳಿಗೆ ಬೆದರಬೇಡಿ. ‘ಪ್ರಲಂಬಿತ್’ ಎಂದರೆ ಬಾಕಿ ಇರುವುದು. ‘ತಡಜೋಡ್’ ಎಂದರೆ ರಾಜಿ. ಇದನ್ನೇ ಇಂಗ್ಲಿಷಿನಲ್ಲಿ ಕಾಂಪೌಂಡಿಂಗ್ ಎನ್ನುತ್ತಾರೆ. ಬಿ.ಎ.ಯಲ್ಲಿ ನಾನು ಓದಿದ ಇಂಗ್ಲಿಷಿನಲ್ಲಿ ಕಾಂಪೌಂಡ್ ಎಂದರೆ ಒಂದೋ ಮನೆಯ ಸುತ್ತಲಿನ ಗೋಡೆ, ಇಲ್ಲವೇ ಎರಡು ಪದ ಕೂಡಿ ಆದ ಸಮಾಸ! ಕಾನೂನಿನ ಇಂಗ್ಲಿಷೇ ಬೇರೆ. ಅಲ್ಲಿ ಅದರ ಅರ್ಥ, ನಿಗದಿಯಾದ ಹಣ ಕಟ್ಟಿ ಮೊಕದ್ದಮೆಯನ್ನು ಅಲ್ಲಿಗೇ ಮುಗಿಸುವುದು ಎಂದು.

ಈಗ ಫೋಟೋ. 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮವನ್ನು ಸೇರಿಸಿದರು. ಕ್ಯಾಮೆರಾದ ಸಾಕ್ಷ್ಯದಲ್ಲಿ ತಪ್ಪು ಯಾವುದು, ನಂಬರ್ ಪ್ಲೇಟು ಯಾವುದು, ದಿನ, ಹೊತ್ತು, ಜಾಗ ಯಾವುದು ಎಂಬುದೆಲ್ಲ ಸ್ಪಷ್ಟವಾಗಿ ಕಾಣಬೇಕೆಂದು ಅದು ಹೇಳಿತು. ಆದ್ದರಿಂದ ಕನ್ನಡಕ ಹಾಕಿಕೊಂಡು ಇವಿಷ್ಟನ್ನೂ ಒಂದೊಂದಾಗಿ ನೋಡಿ. ವಾಹನ ನಿಮ್ಮದೇ? ಬಣ್ಣ ಅದೇ? ಆ ಹೊತ್ತಿಗೆ ಅದು ಎಲ್ಲಿತ್ತು? ಯಾರ ಕೈಯಲ್ಲಿತ್ತು?

ಈ ಕೊನೆಯ ಪ್ರಶ್ನೆಯ ಬೆಲೆ ಎಷ್ಟೆಂದು ನನಗೆ ತಿಳಿದದ್ದು ಪರಿಚಯದ ಒಂದು ಹೋಟೆಲಿನವರ ಮನೆಯಲ್ಲಿ. ಅವರ ಸ್ಕೂಟರ್ ಯಜಮಾನರ ಹೆಸರಿನಲ್ಲಿದೆ. ಪಾರ್ಸೆಲ್ ಒಯ್ಯುವುದಕ್ಕೆ ಊರಿನಿಂದ ಬಂದ ಒಬ್ಬ ಹುಡುಗ ಅದನ್ನು ಓಡಿಸುತ್ತಾನೆ. ಜೆ.ಜೆ. ಫ್ಲೈಓವರಿನ ಮೇಲೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವೆಂದು ನಿಮಗೆ ಗೊತ್ತಲ್ಲ. ಅಲ್ಲಿ ಹೋದದ್ದಕ್ಕೆ ಚಲನ್ ಬಂತು. ಯಜಮಾನರು ಹಿಂದೆ ಮುಂದೆ ನೋಡದೆ, “ಅವನ ಸಂಬಳದಲ್ಲಿ ಹಿಡಿದುಬಿಡಿ” ಎಂದರು. ಹುಡುಗ, “ನಾನಲ್ಲ ಅಣ್ಣ” ಎಂದು ಒಂದು ಸಲ ಹೇಳಿ ಸುಮ್ಮನಾದ. ಎರಡನೇ ಸಲ ಹೇಳುವ ಧೈರ್ಯ ಅವನಿಗಿರಲಿಲ್ಲ. ಯಜಮಾನತಿ ಮೊಬೈಲ್ ಹಿಡಿದುಕೊಂಡು ನನ್ನಲ್ಲಿಗೆ ಬಂದರು. “ಅಕ್ಕಾ, ನೀವು ಇಂಗ್ಲಿಷ್ ಓದಿದವರು, ಇದನ್ನೊಂದು ನೋಡಿ ಹೇಳಿ.”

ಇಬ್ಬರೂ ಕೂತು ಜಾಲತಾಣ ತೆರೆದೆವು. ಸ್ಕೂಟರ್ ಅವರದೇ. ಆದರೆ ತಾರೀಕು ನೋಡಿದರೆ ಆ ವಾರವೆಲ್ಲ ಹುಡುಗ ರಜೆಯಲ್ಲಿ ಊರಿನಲ್ಲಿದ್ದ. ಮತ್ಸ್ಯಗಂಧಾ ರೈಲಿನ ಟಿಕೆಟು ತೆಗೆಸಿಕೊಟ್ಟವರೂ ಆ ಯಜಮಾನತಿಯೇ! ಫೋಟೋದಲ್ಲಿದ್ದ ಶರ್ಟನ್ನು ನೋಡುತ್ತಲೇ ಅವರ ಮುಖ ಸಣ್ಣದಾಯಿತು. ಅದನ್ನು ದೀಪಾವಳಿಗೆ ಅವರೇ ಮಗನಿಗೆ ಕೊಡಿಸಿದ್ದರು. ದಂಡವನ್ನು ಮಗನೇ ಕಟ್ಟಿದ. ಮೊತ್ತ ದೊಡ್ಡದೇನಲ್ಲ. ಆದರೆ ಊರಿಗೆ ಹಣ ಕಳಿಸುವ ಹುಡುಗನ ಸಂಬಳದಲ್ಲಿ ಅದನ್ನು ಹಿಡಿದಿದ್ದರೆ ಹಣದ ಜೊತೆಗೆ ಅವನ ಮಾತಿನ ಬೆಲೆಯೂ ಹೋಗುತ್ತಿತ್ತು. ಐದು ನಿಮಿಷ ಫೋಟೋ ನೋಡಿದ್ದರಿಂದ ಅದು ತಪ್ಪಿತು.

ವಾಹನ ಯಾರ ಹೆಸರಿನಲ್ಲಿದೆ?

ಕ್ಯಾಮೆರಾಕ್ಕೆ ಕಾಣುವುದು ನಂಬರ್ ಪ್ಲೇಟು. ಆದ್ದರಿಂದ ಚಲನ್ ಹೋಗುವುದು ದಾಖಲೆಯಲ್ಲಿರುವ ಮಾಲೀಕರಿಗೆ. ಓಡಿಸಿದವರು ಬೇರೆಯವರಾದರೆ, ಅಧಿಕಾರವುಳ್ಳ ಪೊಲೀಸರು ಕೇಳಿದಾಗ ಅವರ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡುವುದು ಕಾಯ್ದೆಯ 133ನೇ ಕಲಮಿನ ಪ್ರಕಾರ ಮಾಲೀಕರ ಕರ್ತವ್ಯ. ಒಂದೇ ಸ್ಕೂಟರನ್ನು ನಾಲ್ಕು ಜನ ಓಡಿಸುವ ಹೋಟೆಲು, ಅಂಗಡಿಗಳಲ್ಲಿ ‘ಈ ಹೊತ್ತು ಯಾರು ಒಯ್ದರು’ ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ ಬೇರೆ ಪುರಾವೆ ಬೇಡ.

ಹಳೆಯ ವಾಹನ ಮಾರಿದವರು ಇನ್ನೂ ಎಚ್ಚರವಾಗಿರಬೇಕು. ಕೈಗೆ ಹಣ, ಅವರ ಕೈಗೆ ಕೀಲಿಕೈ ಎಂದರೆ ವ್ಯವಹಾರ ಮುಗಿಯಲಿಲ್ಲ. ರಾಜ್ಯದೊಳಗೇ ಮಾರಿದರೆ 14 ದಿನಗಳೊಳಗೆ ಮಾರಿದವರು ಆರ್‌ಟಿಓಗೆ ತಿಳಿಸಬೇಕೆಂದು 50ನೇ ಕಲಮು ಹೇಳುತ್ತದೆ. ವಾಹನ ಕೈಬದಲಾಗುತ್ತಾ ಹೋದರೂ ನೋಂದಣಿಯಲ್ಲಿ ಹೆಸರು ಉಳಿದವರೇ ಮಾಲೀಕರು ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ದಂಡ ಹೋಗಲಿ, ಲಕ್ಷಗಟ್ಟಲೆ ಪರಿಹಾರವೇ ತಲೆಯ ಮೇಲೆ ಬರಬಹುದು.

ಏನೂ ಮಾಡದವರಿಗೂ ಚಲನ್ ಬರುವುದುಂಟು. 2025ರ ಜನವರಿಯಲ್ಲಿ ಕೊಲಾಬಾದ ತಾಜ್ ಹೋಟೆಲಿನ ಬಳಿ ಒಂದೇ ನಂಬರಿನ ಎರಡು ಕಾರುಗಳು ಎದುರಾದ ಸುದ್ದಿ ನಿಮಗೆ ನೆನಪಿರಬಹುದು. ಸಾಲದ ಕಂತು ತಪ್ಪಿದ್ದರಿಂದ ಕಾರನ್ನು ಎಳೆದೊಯ್ಯುತ್ತಾರೆಂದು ಹೆದರಿ ಒಬ್ಬರು ತಮ್ಮ ನಂಬರನ್ನು ತಿದ್ದಿಕೊಂಡಿದ್ದರು. ಅವರ ಚಲನ್‌ಗಳೆಲ್ಲ ಆ ನಂಬರಿನ ನಿಜವಾದ ಮಾಲೀಕರಿಗೆ ಹೋಗುತ್ತಿದ್ದವು. ನಿಮಗೆ ಹೀಗಾದರೆ ಹಣ ಕಟ್ಟಿ ಕೈತೊಳೆದುಕೊಳ್ಳಬೇಡಿ. ಇನ್ನೊಬ್ಬರು ನಿಮ್ಮ ನಂಬರು ಹಾಕಿಕೊಂಡು ತಿರುಗುತ್ತಿದ್ದರೆ ನಾಳೆ ಅದಕ್ಕಿಂತ ದೊಡ್ಡ ಆಪತ್ತು ಬರಬಹುದು. ನಿಮ್ಮ ವಾಹನದ ಫೋಟೋ, ಆರ್‌ಸಿ ಜೊತೆಗಿಟ್ಟು ಪೊಲೀಸರಿಗೆ ಲಿಖಿತ ದೂರು ಕೊಟ್ಟು, ಅದರ ಪ್ರತಿಗೆ ಸಹಿ, ಮೊಹರು ಹಾಕಿಸಿಕೊಳ್ಳಿ.

ಕಟ್ಟುವುದೋ, ಉತ್ತರ ಕೊಡುವುದೋ?

ತಪ್ಪು ನಮ್ಮದೇ ಆಗಿದ್ದರೆ ಜಾಲತಾಣದಲ್ಲೋ ಟ್ರಾಫಿಕ್ ಚೌಕಿಯಲ್ಲೋ ಹಣ ಕಟ್ಟಿ, ರಸೀದಿ ಇಟ್ಟುಕೊಳ್ಳುವುದು ಸುಲಭ. 200ನೇ ಕಲಮಿನಂತೆ ರಾಜಿಯಾದ ಮೇಲೆ ಆ ತಪ್ಪಿಗೆ ಮುಂದೆ ಕ್ರಮವಿಲ್ಲ. ಕುಡಿದು ಓಡಿಸಿದ್ದಕ್ಕೆ ಈ ರಾಜಿ ಇಲ್ಲ, ಕೋರ್ಟಿಗೇ ಹೋಗಬೇಕು.

ತಪ್ಪು ನಮ್ಮದಲ್ಲವೆಂದಿದ್ದರೆ ಹಣ ಕಟ್ಟುವ ಮೊದಲೇ ಇ-ಚಲನ್ ತಾಣದಲ್ಲಿ ತಕರಾರು ಸಲ್ಲಿಸಬೇಕು. ಕಟ್ಟಿದ ಮೇಲೆ ‘ನಾನಲ್ಲ’ ಎಂದರೆ ಕೇಳುವವರಾರು? ಬಾಕಿ ಉಳಿದ ಚಲನ್‌ಗಳನ್ನು ರಾಷ್ಟ್ರೀಯ ಲೋಕ ಅದಾಲತ್ತಿನ ಮುಂದಿಡುವ ಕ್ರಮವೂ ಇದೆ. ಲೋಕ ಅದಾಲತ್ ನಡೆಯುವುದು ಇಬ್ಬರ ಒಪ್ಪಿಗೆಯಿಂದ. ಅಲ್ಲಿ ಒಪ್ಪದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಮ್ಮ ಮಾತು ಹೇಳುವ ಹಕ್ಕು ಹಾಗೇ ಉಳಿಯುತ್ತದೆ. ಒಪ್ಪಿ ಸಹಿ ಹಾಕಿದರೆ ಮಾತ್ರ ಅದರ ಮೇಲೆ ಅಪೀಲಿಲ್ಲ, ನೆನಪಿರಲಿ.

ಬರೀ ದಂಡದ ಅಪರಾಧಗಳನ್ನು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಲು ಕಾನೂನಿನಲ್ಲಿ 6 ತಿಂಗಳ ಮಿತಿಯಿದೆ. ಹಾಗೆಂದು ಹಳೆಯ ಚಲನ್ ತಾನಾಗಿ ಅಳಿಸಿಹೋಯಿತೆಂದು ಸುಮ್ಮನೆ ಕೂರಬೇಡಿ. ಕೋರ್ಟಿನ ದಾಖಲೆಯಲ್ಲಿ ಅದು ಎಲ್ಲಿಗೆ ಬಂದಿದೆಯೆಂದು ಮೊದಲು ನೋಡಿ.

ದಾಖಲೆ ಹುಡುಕುವ ಬಗೆ

ಹಿಂದೆ ಇದಕ್ಕೆ ಮಝಗಾಂವ್ ಕೋರ್ಟಿನ ಮೆಟ್ಟಿಲು ಹತ್ತಿ, ಗುಮಾಸ್ತರನ್ನು ಹುಡುಕಿ, ದಿನವಿಡೀ ಕಾಯಬೇಕಿತ್ತು. ಈಗ ‘ಇ-ಕೋರ್ಟ್ಸ್’ ತಾಣದಲ್ಲಿ ಮನೆಯಿಂದಲೇ ನೋಡಬಹುದು, ಶುಲ್ಕವಿಲ್ಲ. ಮಹಾರಾಷ್ಟ್ರ, ಮುಂಬಯಿ, ನಂತರ ಕೋರ್ಟು ಹೀಗೆ ಆರಿಸುತ್ತಾ ಹೋಗಬೇಕು. ನಿಮ್ಮ ಮನೆ ಎಲ್ಲಿದೆ ಎಂಬುದು ಇಲ್ಲಿ ಮುಖ್ಯವಲ್ಲ, ಚಲನ್ ಎಲ್ಲಿ ಆಯಿತೆಂಬುದು ಮುಖ್ಯ. ಅಂಧೇರಿಯಲ್ಲಿ ಸಿಗ್ನಲ್ ದಾಟಿದ್ದಕ್ಕೆ ಮಝಗಾಂವಿನಲ್ಲಿ ಹುಡುಕಿದರೆ ಸಿಗದು. ಸಮನ್ಸಿನಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯಿದ್ದರೆ ಅದೊಂದೇ ಸಾಕು.

ಸಂಖ್ಯೆ ಇಲ್ಲದಿದ್ದರೆ ಹೆಸರು, ವರ್ಷ ಹಾಕಿ ಹುಡುಕಬಹುದು. ನಮ್ಮವರಿಗೆ ಇಲ್ಲೊಂದು ತೊಡಕಿದೆ. ಊರಿನಲ್ಲಿ ಇನಿಷಿಯಲ್ ಮೊದಲು, ಇಲ್ಲಿ ಹೆಸರು, ತಂದೆಯ ಹೆಸರು, ಕುಲನಾಮ. ಪೂಜಾರಿ ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ‘ಓ’ ಹಾಕಿ ಬರೆಯುವವರಿದ್ದಾರೆ, ಒಂದು ‘ಯು’ ಹಾಕುವವರೂ ಇದ್ದಾರೆ. ಆರ್‌ಸಿಯಲ್ಲಿ ಇದ್ದಂತೆ ಒಮ್ಮೆ, ಬೇರೆ ಕಾಗುಣಿತದಲ್ಲಿ ಇನ್ನೊಮ್ಮೆ ಹುಡುಕಿ. ‘ಬಾಕಿ’, ‘ಇತ್ಯರ್ಥ’ ಎರಡರಲ್ಲೂ ನೋಡಿ. ಚಲನ್‌ಗಳಿಗೆಂದೇ ‘ವರ್ಚುವಲ್ ಕೋರ್ಟ್ಸ್’ ಎಂಬ ಇನ್ನೊಂದು ತಾಣವಿದೆ. ಅಲ್ಲಿ ವಾಹನದ ಅಥವಾ ಚಲನ್ ಸಂಖ್ಯೆ ಹಾಕಿ ನೋಡಬಹುದು. ದಂಡ ಒಪ್ಪಿ ಕಟ್ಟಬಹುದು, ಒಪ್ಪದೆ ವಿಚಾರಣೆ ಕೇಳಬಹುದು. ಮುಗಿದ ಮೊಕದ್ದಮೆಯ ಆದೇಶ ಬೇಕಿದ್ದರೆ ಆ ಕೋರ್ಟಿಗೆ ಅರ್ಜಿ ಕೊಟ್ಟು ದೃಢೀಕೃತ ಪ್ರತಿ ಪಡೆಯಬೇಕು.

ಸೋದರಿಯರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ಸಹಾಯವಾಣಿ 15100. ಮನೆಯವರು ಕಾಲವಾದ ಮೇಲೂ ಸ್ಕೂಟರು ಅವರ ಹೆಸರಿನಲ್ಲೇ ಉಳಿದು, ಸಂದೇಶ ಬಂದಾಗಲೆಲ್ಲ ಕೈಕಾಲು ನಡುಗುವ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಅವರಿಗೆ ಈ ಸಂಖ್ಯೆಯನ್ನು ನೀವೇ ಹೇಳಿಕೊಡಿ.

ಈ ವಾರ ಬಿಡುವಾದಾಗ ನಿಮ್ಮ ವಾಹನದ ಸಂಖ್ಯೆಯನ್ನೊಮ್ಮೆ ಹಾಕಿ ನೋಡಿ. ಏನೂ ಬಾಕಿ ಇಲ್ಲದಿದ್ದರೆ ನೆಮ್ಮದಿ. ಇದ್ದರೆ ಮೊದಲು ಫೋಟೋ, ಆಮೇಲೆ ತೀರ್ಮಾನ, ಕೊನೆಗೆ ರಸೀದಿ. ಹೆಲ್ಮೆಟ್ಟು ಮಾತ್ರ ಎಲ್ಲಕ್ಕಿಂತ ಮೊದಲು.