ಜಾಣ ಹುಡುಗನಿಗೆ ಇಂಗ್ಲಿಷು ಏಕೆ ಬಾರದು?

ಬೆಲ್ಲದ ಬಾಗೇವಾಡಿಯಂಥ ಊರಿನ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಒಂಬತ್ತು, ನಾಲ್ಕನೆಯ ಇಯತ್ತೆ. ಕಬ್ಬಿನ ಹಂಗಾಮಿನಲ್ಲಿ ಹೊಲದಿಂದ ಕಾರಖಾನೆಗೆ ಎಷ್ಟು ಖೇಪು ಹೋದವೆಂಬುದನ್ನು ಬೆರಳು ಮಡಿಸದೆ ಹೇಳಬಲ್ಲನು. ಅಜ್ಜಿ ಒಮ್ಮೆ ಹೇಳಿದ ಕಥೆಯನ್ನು ಮಾತು ಬಿಡದಂತೆ ಒಪ್ಪಿಸುವನು. ಆದರೆ ಸಂಜೆ ಪಡಸಾಲೆಯಲ್ಲಿ ಇಂಗ್ಲಿಷು ಪುಸ್ತಕವನ್ನು ತೆರೆದೊಡನೆ ಅವನ ಮೋರೆ ಬಾಡುವುದು. ನಿನ್ನೆ ಓದಿದ ಶಬ್ದವೇ ಇಂದು ಹೊಸದಾಗಿ ತೋರುವುದು. ‘ಬಿ’ ಬರೆಯೆಂದರೆ ‘ಡಿ’ ಬರೆಯುವನು. ತಂದೆ ಗದರುವನು, ತಾಯಿ ಕಣ್ಣೊರಸಿಕೊಳ್ಳುವಳು, ನೆರೆಯವರು “ಮೊದಲಿಂದ ಇಂಗ್ಲಿಷ್ ಸಾಲಿಗೇ ಹಾಕಬೇಕಿತ್ತ ನೋಡ್ರಿ” ಎನ್ನುವರು. ಹುಡುಗನು ಮಾತ್ರ ತಾನು ದಡ್ಡನೆಂದು ಮನಸ್ಸಿನಲ್ಲಿ ನಿಶ್ಚಯಿಸಿಬಿಡುವನು. ಈ ನಿಶ್ಚಯವೇ ಎಲ್ಲಕ್ಕಿಂತ ದೊಡ್ಡ ಹಾನಿ.

ಇಂಥ ಮಗುವಿನ ವಿಷಯದಲ್ಲಿ ನಾವು ಎರಡು ಬಗೆಯ ತಪ್ಪು ಮಾಡುತ್ತೇವೆ. ಇಂಗ್ಲಿಷು ಕೇವಲ ಹೊಸದಾಗಿದ್ದುದರಿಂದ ತಡವರಿಸುವ ಮಗುವನ್ನು ಮಂದಬುದ್ಧಿಯದೆಂದು ತಿಳಿಯುವುದು ಒಂದು. ನಿಜವಾಗಿ ಓದಿನ ತೊಡಕುಳ್ಳ ಮಗುವನ್ನು “ಇಂಗ್ಲಿಷು ಪರಭಾಷೆ, ಬರಬರುತ್ತ ಬಂದೀತು” ಎಂದು ವರ್ಷಗಟ್ಟಲೆ ಬಿಟ್ಟುಬಿಡುವುದು ಇನ್ನೊಂದು. ಕರ್ನಾಟಕದ ಸರಕಾರಿ ಸಾಲೆಗಳಲ್ಲಿ 2007ರಿಂದ ಒಂದನೆಯ ಇಯತ್ತೆಗೇ ಇಂಗ್ಲಿಷು ಪಾಠ ಬಂದಿರುವುದರಿಂದ, ಈ ಎರಡು ತಪ್ಪುಗಳಿಗೂ ಅವಕಾಶ ಹೆಚ್ಚಿದೆ.

ಇವೆರಡನ್ನೂ ಬೇರ್ಪಡಿಸುವ ಒರೆಗಲ್ಲು ಮನೆಯಲ್ಲಿಯೇ ಇದೆ. ಮೊದಲು ಮಗುವಿನ ಕಣ್ಣು ಕಿವಿಗಳನ್ನು ವೈದ್ಯರಿಗೆ ತೋರಿಸಿರಿ. ಅವು ಸರಿಯಿದ್ದರೆ ಮಗುವಿಗೆ ಕನ್ನಡದಲ್ಲಿ ಒಂದು ಕಥೆ ಹೇಳಿ, ಅದರ ಮೇಲೆ ಪ್ರಶ್ನೆ ಕೇಳಿರಿ. ಮನೆಯ ಮಾತು ಮರಾಠಿಯೋ ಉರ್ದುವೋ ಆಗಿದ್ದರೆ ಆ ಮಾತಿನಲ್ಲಿಯೇ ಕೇಳಿರಿ. ಬಳಿಕ ತಾನು ಸಾಲೆಯಲ್ಲಿ ಕಲಿತ ಲಿಪಿಯಲ್ಲಿ ಓದಿಸಿ ಬರೆಯಿಸಿರಿ. ಕನ್ನಡವನ್ನು ಸರಾಗವಾಗಿ ಓದಿ ಇಂಗ್ಲಿಷಿನಲ್ಲಿ ಮಾತ್ರ ಎಡವಿದರೆ, ಬಹುಮಟ್ಟಿಗೆ ಅದು ಅಭ್ಯಾಸದ ಕೊರತೆ. ಮಾತಿನಲ್ಲಿ ಚುರುಕಾಗಿದ್ದು, ಕನ್ನಡದ ಕಾಗುಣಿತ ಒತ್ತಕ್ಷರಗಳಲ್ಲಿಯೂ ಓರಗೆಯವರಿಗಿಂತ ಬಹಳ ಹಿಂದುಳಿದಿದ್ದರೆ, ತಜ್ಞರಿಗೆ ತೋರಿಸಲೇಬೇಕು.

ಈ ತೊಡಕು ಇಂದಿನದಲ್ಲ, ನಮ್ಮ ದೇಶದ್ದಷ್ಟೇ ಅಲ್ಲ. 1896ರಲ್ಲಿ ಇಂಗ್ಲಂಡದ ವೈದ್ಯ ಪ್ರಿಂಗಲ್ ಮಾರ್ಗನ್ ಎಂಬವರು ಹದಿನಾಲ್ಕು ವರ್ಷದ ಹುಡುಗನೊಬ್ಬನ ವೃತ್ತಾಂತವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಹುಡುಗನ ಹೆಸರು ಪರ್ಸಿ. ಆದರೆ ಅವನು ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆಯುತ್ತಿದ್ದನು. ಲೆಕ್ಕದಲ್ಲಿ ಅವನಿಗೆ ತೊಂದರೆಯಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವಂತಿದ್ದರೆ ಸಾಲೆಗೆಲ್ಲ ಅವನೇ ಜಾಣನಾಗುವನೆಂದು ಅವನ ಗುರುಗಳು ಹೇಳಿದ್ದರು. ಓದಿನ ಈ ತೊಡಕಿಗೆ ಇಂದು ಡಿಸ್ಲೆಕ್ಸಿಯಾ ಎನ್ನುವರು. ಬರವಣಿಗೆ, ಲೆಕ್ಕಗಳಲ್ಲಿಯೂ ಇಂಥವೇ ತೊಡಕುಗಳುಂಟು. ಇವೆಲ್ಲಕ್ಕೂ ಕೂಡಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬ ಹೆಸರಿದೆ. ಇದು ಬುದ್ಧಿಯ ಕೊರತೆಯಲ್ಲ, ಸೋಮಾರಿತನವಲ್ಲ, ತಾಯಿಯ ಅಲಕ್ಷ್ಯದ ಫಲವೂ ಅಲ್ಲ. ಅಕ್ಷರವನ್ನೂ ಧ್ವನಿಯನ್ನೂ ಜೋಡಿಸುವ ಕೆಲಸವು ಕೆಲವರ ಮಿದುಳಿಗೆ ಹುಟ್ಟಿನಿಂದಲೇ ಕಷ್ಟವಾಗಿರುತ್ತದೆ, ಅಷ್ಟೇ.

ಕನ್ನಡದಲ್ಲಿ ಸ್ವಲ್ಪ ಅಡಗಿರುವ ಈ ತೊಡಕು ಇಂಗ್ಲಿಷಿನಲ್ಲಿ ಏಕೆ ಬಯಲಾಗುವುದು? ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಅಕ್ಷರರೂಪಗಳು ನೂರಾರು ಇರುವುದರಿಂದ ಅವನ್ನೆಲ್ಲ ಕಲಿಯಲು ಕೆಲವು ವರ್ಷ ಹಿಡಿಯುವುದುಂಟು. ಬೆಂಗಳೂರಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದನ್ನೇ ತೋರಿಸಿತು. ಇಂಗ್ಲಿಷಿನಲ್ಲಿ ಅಕ್ಷರಗಳು ಇಪ್ಪತ್ತಾರೇ. ಆದರೆ ಧ್ವನಿಗಳು ನಾಲ್ವತ್ತನ್ನು ಮೀರಿದವು. ‘ಬಟ್’ ‘ಪುಟ್’ ಎಂಬ ಶಬ್ದಗಳಲ್ಲಿ ನಡುವಿನ ಅಕ್ಷರ ಒಂದೇ, ಉಚ್ಚಾರ ಬೇರೆ. ಇದಲ್ಲದೆ ಕನ್ನಡದ ಮಗು ‘ಕಮಲ’ವನ್ನು ಕ-ಮ-ಲ ಎಂದು ಒಡೆಯುವುದನ್ನು ಬಲ್ಲದು, ‘ಪೆನ್’ ಶಬ್ದವನ್ನು ಪ್-ಎ-ನ್ ಎಂದು ಇನ್ನೂ ಸಣ್ಣದಾಗಿ ಒಡೆಯುವ ಅಭ್ಯಾಸ ಅದಕ್ಕಿರುವುದಿಲ್ಲ.

ಆದುದರಿಂದ ಕಲಿಸುವ ದಾರಿಯೂ ಇಲ್ಲಿಂದಲೇ ಹೊರಡಬೇಕು. ಮೊದಲು ಕಿವಿ, ಆಮೇಲೆ ಕಣ್ಣು. ಬಾಗಿಲು, ಹಾಲು, ಎತ್ತು ಮೊದಲಾದ ಮನೆಯ ವಸ್ತುಗಳ ಇಂಗ್ಲಿಷು ಹೆಸರುಗಳು ಮಗುವಿನ ಬಾಯಲ್ಲಿ ಆಡಲಿ. ಅರ್ಥವನ್ನು ಕನ್ನಡದಲ್ಲಿ ಹೇಳಲು ಸಂಕೋಚ ಬೇಡ. ಅರ್ಥ ತಿಳಿಯದ ಶಬ್ದವನ್ನು ಓದಿಸುವುದೆಂದರೆ ಒಂದು ಹೊರೆಯ ಮೇಲೆ ಇನ್ನೊಂದನ್ನು ಹೇರಿದಂತೆ. ತರುವಾಯ ಒಂದು ಸಲಕ್ಕೆ ಒಂದೇ ಧ್ವನಿ, ಒಂದೇ ಅಕ್ಷರ. ಪರಾತದಲ್ಲಿ ಮರಳು ಹರವಿ, ಬಾಯಿಂದ ಧ್ವನಿ ಹೇಳುತ್ತ ಬೆರಳಿನಿಂದ ತಿದ್ದಿಸಿರಿ. ಕಣ್ಣು, ಕಿವಿ, ಕೈಗಳನ್ನು ಹೀಗೆ ಕೂಡಿಸುವ ಪದ್ಧತಿಯನ್ನು ಅಮೇರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆ್ಯನಾ ಗಿಲ್ಲಿಂಗ್‌ಹ್ಯಾಮ್ ಅವರು ಬಹಳ ಹಿಂದೆಯೇ ಬಳಕೆಗೆ ತಂದರು. ‘ಬಿ’ ‘ಡಿ’ಗಳನ್ನು ಒಂದೇ ದಿನ ಕಲಿಸಬಾರದು, ಒಂದು ಗಟ್ಟಿಯಾದ ಮೇಲೆ ಇನ್ನೊಂದು. ದಿನಕ್ಕೆ ಕಾಲು ಗಂಟೆ ಸಾಕು, ಆದರೆ ದಿನ ತಪ್ಪಬಾರದು. ತಪ್ಪನ್ನು ನೂರು ಸಲ ಬರೆಯಿಸುವುದರಿಂದ ತಪ್ಪೇ ಗಟ್ಟಿಯಾಗುವ ಅಂಜಿಕೆಯುಂಟು. ನಾಲ್ಕು ಜನರೆದುರು ಗಟ್ಟಿಯಾಗಿ ಓದೆಂದು ಒತ್ತಾಯಿಸುವುದಂತೂ ಸಲ್ಲದು.

ಕಾಯದೆಯೂ ಈಗ ಮಗುವಿನ ಬೆನ್ನಿಗಿದೆ. 1995ರ ಅಂಗವಿಕಲರ ಕಾಯದೆಯು ಹೆಸರಿಸಿದ ಏಳು ನ್ಯೂನತೆಗಳಲ್ಲಿ ಇದು ಇರಲಿಲ್ಲ. 2016ರ ಕಾಯದೆಯ ಇಪ್ಪತ್ತೊಂದರಲ್ಲಿ ಇದು ಸೇರಿತು. ಇಂಥ ತೊಡಕನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಉಪಾಯ ಮಾಡುವುದು ಸಾಲೆಗಳ ಕರ್ತವ್ಯವೆಂದು ಆ ಕಾಯದೆ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ, ಬರೆದುಕೊಡುವವರ ನೆರವು, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ—ಇವೂ ಅದರಲ್ಲಿವೆ. ಇದಕ್ಕೆ ಪ್ರಮಾಣಪತ್ರ ಬೇಕು. ಸಾಲೆಯ ಮಾಸ್ತರರನ್ನು ಕಂಡು, ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿಯೂ ಜಿಲ್ಲಾ ಆಸ್ಪತ್ರೆಯಲ್ಲಿಯೂ ವಿಚಾರಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಇದನ್ನು ಪರೀಕ್ಷಿಸುವ ತಜ್ಞರಿದ್ದಾರೆ.

ವಿನಾಯಿತಿಯ ಬಗ್ಗೆ ಒಂದು ಮಾತು. ನಮ್ಮ ಕನ್ನಡ ಸಾಲೆಗಳಲ್ಲಿ ಸಾಮಾನ್ಯವಾಗಿ ಎರಡನೆಯ ಭಾಷೆಯೆಂದರೆ ಇಂಗ್ಲಿಷೇ. ಪರೀಕ್ಷೆಯಿಂದ ಅದನ್ನು ಬಿಡಿಸುವುದು ಕೆಲವು ಮಕ್ಕಳಿಗೆ ಜೀವದಾನವಾಗಬಹುದು. ಆದರೆ ಪರೀಕ್ಷೆ ಬಿಟ್ಟಿತೆಂದು ಕಲಿಕೆಯನ್ನೂ ಬಿಡಬೇಕಾದುದಿಲ್ಲ. ಕೇಳಿ ತಿಳಿಯುವಷ್ಟು, ನಾಲ್ಕು ಮಾತು ಆಡುವಷ್ಟು ಇಂಗ್ಲಿಷು ಅವನಿಗೂ ದಕ್ಕಬೇಕು. ಬಾಗಿಲು ಮುಚ್ಚುವ ಮುನ್ನ ಮಾಸ್ತರರೊಡನೆ ಕುಳಿತು ವಿಚಾರ ಮಾಡಿರಿ. ಮಗುವಿನ ಮನಸ್ಸನ್ನೂ ಕೇಳಿರಿ.

ಕೊನೆಯದಾಗಿ ಗೃಹಸ್ಥರಿಗೊಂದು ವಿಜ್ಞಾಪನೆ. ಈ ತೊಡಕು ಮನೆತನದಲ್ಲಿ ಹರಿದುಬರುವುದುಂಟು. ಇಂದು ಪಡಸಾಲೆಯಲ್ಲಿ ಗದರುತ್ತಿರುವ ತಂದೆಯೇ ಒಂದು ಕಾಲಕ್ಕೆ ಇದೇ ಕಾರಣದಿಂದ ಪಾಟಿಯನ್ನು ಮೂಲೆಗಿಟ್ಟು ಹೊಲದ ದಾರಿ ಹಿಡಿದವನಿರಬಹುದು. ಅವನನ್ನು ಆಗ ಯಾರೂ ಕೇಳಲಿಲ್ಲ. ಮಗನನ್ನು ಕೇಳುವವರು ಈಗಲಾದರೂ ಇರಲಿ. ಬೈಗುಳು ನಾಲಗೆಗೆ ಬಂದಾಗ ಆ ತಂದೆಯು ತನ್ನ ಬಾಲ್ಯವನ್ನೊಮ್ಮೆ ನೆನೆಯಲಿ.